ಬಿಚ್ಚಿದ್ದನ್ನು ಕೂಡಿಸುವ ಕನ್ನಡ

ನಮ್ಮ ಕಡೆಯ ಆಡುಮಾತಿನಲ್ಲಿ 'ಸೆಲ್ಫ್' ಎಂಬ ಶಬ್ದಕ್ಕೆ ವೇದಾಂತದ ಸೋಂಕಿಲ್ಲ. ಮೋಟಾರು ಸೈಕಲ್ಲಿನ ಹಿಡಿಕೆಯಲ್ಲಿ ಬಲಗೈ ಹೆಬ್ಬೆರಳಿಗೆ ನಿಲುಕುವಂತೆ ಒಂದು ಗುಂಡಿಯುಂಟು; ಅದನ್ನು ಒತ್ತಿದೊಡನೆ ಎಂಜಿನ್ನು ಹೊರಳಿ ಎಚ್ಚರಗೊಳ್ಳುತ್ತದೆ. ಆ ಏರ್ಪಾಡಿಗೆ ಸೆಲ್ಫ್ ಎಂದು ಹೆಸರು. ಅದು ಕೆಟ್ಟಾಗ "ಗಾಡೀದು ಸೆಲ್ಫ್ ಹೋಗ್ಯಾದ" ಎನ್ನುತ್ತಾರೆ. ವರುಷ ವರುಷವೂ ತರಗತಿಯಲ್ಲಿ ಆತ್ಮ, ಅಂತರಾತ್ಮಗಳನ್ನು ವ್ಯಾಖ್ಯಾನಿಸುತ್ತ ಬಂದ ನಾನು ಹವಳಗಾದ ರಸ್ತೆಯ ಮಗ್ಗುಲಲ್ಲಿ ನಿಂತು, "ಸರ, ನಿಮ್ಮ ಸೆಲ್ಫ್ ಹೋಗ್ಯಾದ್ರಿ" ಎಂಬ ತೀರ್ಪನ್ನು ಕೇಳಬೇಕಾಗಿ ಬಂದುದು ಕಳೆದ ಕಬ್ಬಿನ ಸುಗ್ಗಿಯಲ್ಲಿ.

ಹವಳಗಾ ಅಫಜಲಪುರ ತಾಲೂಕಿನ ಊರು. ಅಲ್ಲಿಯ ಸಕ್ಕರೆ ಕಾರ್ಖಾನೆಯಿಂದಾಗಿ ಸುತ್ತಣ ಹಳ್ಳಿಗಳಿಗೆಲ್ಲ ಅದರ ಹೆಸರು ಬಳಕೆಯಾಗಿದೆ. ತೊಗರಿ, ಜೋಳಗಳ ಎರೆಯ ನೆಲದ ನಡುವೆ ಭೀಮಾ ನದಿಯ ನೀರು ಕಂಡಲ್ಲೆಲ್ಲ ಕಬ್ಬು ನಿಂತಿರುತ್ತದೆ. ಕಬ್ಬು ಅರೆಯುವ ಕಾಲ ಬಂದಿತೆಂದರೆ ಟ್ರ್ಯಾಕ್ಟರುಗಳು ತಮ್ಮ ಗಾತ್ರಕ್ಕೆ ಮೀರಿದ ಹೊರೆಯನ್ನು ಎಳೆಯುತ್ತ ಸಾಲುಗಟ್ಟಿ ಸಾಗುತ್ತವೆ. ಅವುಗಳ ಹಿಂದೆ ಎದ್ದ ಕರಿಯ ಧೂಳು ಗಿಡ, ಮನೆ, ಮನುಷ್ಯ, ಯಂತ್ರವೆಂಬ ಭೇದವಿಲ್ಲದೆ ಎಲ್ಲದರ ಮೇಲೂ ಕೂಡುತ್ತದೆ. ಆ ಸಂಜೆ ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಚಹಾ ಕುಡಿದು ಬಂದು ಗುಂಡಿ ಒತ್ತಿದೆನು. 'ಟಕ್' ಎಂಬ ಒಂದು ಸದ್ದಾಯಿತು; ಮುಂದೆ ಮೌನ. ಮತ್ತೆ ಒತ್ತಿದೆನು. ಮತ್ತೆ ಅದೇ ಏಕಾಕ್ಷರ.

ಹಿಂದಿನವರಾಗಿದ್ದರೆ ಇಷ್ಟಕ್ಕೆ ಎದೆಗುಂದುತ್ತಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಗೇರು ಬದಲಿಸುವ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದು ಕಿಕ್ಕಿನ ಸನ್ನೆಯಾಗುತ್ತಿತ್ತು. ಒಂದು ಒದೆತ ತಪ್ಪಿದರೆ ಇನ್ನೊಂದು ಒದೆತ. ಗಾಡಿಗೂ ಸವಾರನಿಗೂ ಕಾಲಿನ ಮೂಲಕ ಒಂದು ಸಂಬಂಧವಿದ್ದಿತು. 1984ರಲ್ಲಿ ಬಂದ ಕಿನೆಟಿಕ್ ಹೋಂಡಾ ಸ್ಕೂಟರು ಗುಂಡಿ ಒತ್ತಿ ಹೊರಡುವ ಸುಖವನ್ನು ನಮ್ಮ ಜನರಿಗೆ ಕಲಿಸಿತು. ಆ ಮೇಲೆ ಕೆಲಕಾಲ ಗುಂಡಿ, ಕಿಕ್ಕು ಎರಡೂ ಜೊತೆಯಲ್ಲಿ ಬಾಳಿದವು. ಈಚಿನ ಅನೇಕ ಗಾಡಿಗಳಲ್ಲಿ ಕಿಕ್ಕು ಮಾಯವಾಗಿದೆ. ನನ್ನದೂ ಅಂತಹದೇ. ಚಹಾದಂಗಡಿಯಲ್ಲಿದ್ದ ಇಬ್ಬರು ದೊಡ್ಡ ಮನಸ್ಸು ಮಾಡಿ ಹಿಂದಿನಿಂದ ನೂಕಿದರು. ಎರಡನೆಯ ಗೇರಿನಲ್ಲಿ ಕ್ಲಚ್ಚು ಬಿಟ್ಟೊಡನೆ ಎಂಜಿನ್ನು ಹತ್ತಿಕೊಂಡಿತು. "ಊರ ತುದೀಗಿ ಒಬ್ಬ ಮಿಸ್ತ್ರಿ ಇದ್ದಾನ, ಬಂದ್ ಮಾಡದೇ ಹಂಗೇ ಹೋಗ್ರಿ" ಎಂದು ಅವರು ಕೂಗಿ ಹೇಳಿದರು.

ಬೇವಿನ ಮರದ ಕೆಳಗೆ ತಗಡಿನ ಒಂದು ಶೆಡ್ಡು. ಮಿಸ್ತ್ರಿಗೆ ಇಪ್ಪತ್ತೈದರ ಒಳಗಿನ ಪ್ರಾಯ. ಅವನ ಹತ್ತಿರ ಹದಿನೆಂಟರ ಹುಡುಗನೊಬ್ಬ ಕೈಯಾಳಾಗಿ ಕಲಿಯುತ್ತಿದ್ದನು. ಮಿಸ್ತ್ರಿ ನನ್ನನ್ನು ಕಂಡು ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದು ನಿಂತನು.

"ಸರ, ನನ್ನ ಖೂನ ಹಿಡೀಲಿಲ್ಲೇನ್ರಿ? ಬಿ.ಎ. ಎರಡನೇ ವರ್ಷಕ್ಕ ನಿಮ್ಮ ಕ್ಲಾಸಿನ್ಯಾಗ ಇದ್ದೆನ್ರಿ."

ಆಗ ನೆನಪಾಯಿತು. ಕೊನೆಯ ಬೆಂಚು, ಕಿಟಕಿಯ ಕಡೆಗೆ ನೋಟ. ಸಮಾಸಗಳ ಪಾಠದಲ್ಲಿ ಬಹುವ್ರೀಹಿಗೂ ಕರ್ಮಧಾರಯಕ್ಕೂ ಭೇದ ಕೇಳಿದರೆ ನೆಲ ನೋಡುತ್ತಿದ್ದ ಹುಡುಗ. ದೀಪಾವಳಿಯ ರಜೆ ಮುಗಿದ ಮೇಲೆ ಬರಲೇ ಇಲ್ಲ. ಹಾಜರಿ ಸಾಲದೆಂದು ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನು ನಾನೇ. ಗೆರೆ ಎಳೆಯುವಾಗ ಯಾಕೆ ಬರಲಿಲ್ಲವೆಂದು ವಿಚಾರಿಸಿದ ನೆನಪು ನನಗಿಲ್ಲ.

"ಯಾಕೋ, ಕಾಲೇಜು ಬಿಟ್ಟೆ?" ಎಂದು ಕೇಳಿದೆನು. ನಾಲ್ಕು ವರುಷ ತಡವಾಗಿ ಬಂದ ಪ್ರಶ್ನೆ.

"ಮನ್ಯಾಗ ಅಡಚಣಿ ಇತ್ತರಿ ಸರ" ಎಂದು ಅಷ್ಟರಲ್ಲಿ ಮುಗಿಸಿ ಅವನು ಗಾಡಿಯ ಕಡೆ ಬಾಗಿದನು.

ಅವನು ರೋಗವನ್ನು ಕಂಡುಹಿಡಿದ ರೀತಿಯನ್ನು ಓದುಗರಿಗೆ ಹೇಳಲೇಬೇಕು. ಹೆಡ್‌ಲೈಟು ಹಚ್ಚಿ, ನನ್ನನ್ನು ಗುಂಡಿ ಒತ್ತೆಂದು ಹೇಳಿ, ತಾನು ದೀಪವನ್ನೇ ನೋಡುತ್ತ ನಿಂತನು. 'ಟಕ್' ಎಂದಿತು, ದೀಪದ ಬೆಳಕು ಕಿಂಚಿತ್ತೂ ಕುಂದಲಿಲ್ಲ. ಬ್ಯಾಟರಿ ಸೋತಿದ್ದರೆ ಒತ್ತಿದ ಕೂಡಲೇ ದೀಪ ಮಂಕಾಗಬೇಕು. ಮೋಟಾರು ಒಳಗೆ ಸಿಕ್ಕಿಕೊಂಡು ನಿಂತಿದ್ದರೂ ಮಂಕಾಗಬೇಕು. ಮಂಕಾಗಲಿಲ್ಲವೆಂದರೆ ಮೋಟಾರಿನೊಳಕ್ಕೆ ಕರೆಂಟು ಹೋಗುತ್ತಲೇ ಇಲ್ಲ. 'ಟಕ್' ಎಂದದ್ದು ರಿಲೇ. ಗುಂಡಿಯಿಂದ ಬಂದ ಸಣ್ಣ ಕರೆಂಟಿಗೆ ಅದರೊಳಗಿನ ಕಬ್ಬಿಣ ಎಳೆಯಲ್ಪಟ್ಟು, ಮೋಟಾರಿಗೆ ಹೋಗುವ ದಪ್ಪ ವೈರಿನ ದಾರಿಯನ್ನು ತೆರೆಯುತ್ತದೆ. ಅದು ತನ್ನ ಕೆಲಸ ಮಾಡಿದೆ. ಅಂದಮೇಲೆ ದೋಷ ಮೋಟಾರಿನ ಒಡಲಲ್ಲಿರಬಹುದು. ಮೀಟರಿನ ಒಂದು ಮುಳ್ಳನ್ನು ಮೋಟಾರಿನ ತಲೆಗೂ ಇನ್ನೊಂದನ್ನು ಅದರ ಮೈಗೂ ಹಿಡಿದು ನೋಡಿ, "ಒಳಗ ಕಾರ್ಬನ್ ಸವದಾವ್ರಿ ಸರ, ಬಿಚ್ಚಿ ನೋಡಬೇಕು" ಎಂದನು. ತರ್ಕಶಾಸ್ತ್ರದವರು ಹೊಗೆಯಿಂದ ಬೆಂಕಿಯನ್ನು ಊಹಿಸುವುದನ್ನು ನಾನು ಎಷ್ಟೋ ಸಲ ಕಲಿಸಿದ್ದೇನೆ. ಮಂಕಾಗದ ದೀಪದಿಂದ ಸವೆದ ಇಂಗಾಲವನ್ನು ಊಹಿಸಿದವನು ಅದೇ ತರಗತಿಯಿಂದ ನಾನು ಕೈಬಿಟ್ಟ ವಿದ್ಯಾರ್ಥಿ.

ನೋಡಲು ನೆರೆದವರಲ್ಲಿ ಒಬ್ಬರು, "ಕಲ್ಲಿಲೆ ನಾಕು ಬಡೀರಿ, ತಿರಗತದ" ಎಂದು ಸಲಹೆ ಕೊಟ್ಟರು. ಮಿಸ್ತ್ರಿ ಒಪ್ಪಲಿಲ್ಲ. ಮೋಟಾರಿನ ಚಿಪ್ಪಿನ ಒಳಮೈಗೆ ಅಯಸ್ಕಾಂತದ ತುಣುಕುಗಳನ್ನು ಅಂಟಿಸಿರುತ್ತಾರೆ. ಅವು ಮಣ್ಣಿನ ಬಿಲ್ಲೆಯಂತೆ ಪೆಡಸು. ಪೆಟ್ಟಿಗೆ ಬಿರಿದರೆ ಆ ಮೋಟಾರು ಮತ್ತೆ ಕೆಲಸಕ್ಕೆ ಬಾರದು.

ಅಂಗೈಯಲ್ಲಿ ಹಿಡಿಯಬಹುದಾದ ಈ ಸಣ್ಣ ಯಂತ್ರದ ಕಥೆ ದೊಡ್ಡದು. ಮೋಟಾರು ಕಾರುಗಳ ಆದಿಯಲ್ಲಿ ಎಂಜಿನ್ನನ್ನು ಎಚ್ಚರಿಸಲು ಮುಂದೆ ನಿಂತು ಕಬ್ಬಿಣದ ಹಿಡಿಯನ್ನು ತಿರುವಬೇಕಾಗಿತ್ತು. ಎಂಜಿನ್ನು ತಿರುಗಿಬಿದ್ದರೆ ತಿರುವಿದವರ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತನು 1911ರಲ್ಲಿ ಇದಕ್ಕೆ ವಿದ್ಯುತ್ತಿನ ಉಪಾಯವನ್ನು ಕಂಡನು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂದಿತು. ಆತನು ಮೊದಲು ಅಂಗಡಿಗಳ ಹಣದ ಪೆಟ್ಟಿಗೆಯ ಯಂತ್ರಕ್ಕೆ ಮೋಟಾರು ಕೂಡಿಸಿದವನು. ಅಲ್ಲಿ ಅವನಿಗೆ ಹೊಳೆದದ್ದು ಇದು: ಕ್ಷಣಕಾಲ ಮಾತ್ರ ದುಡಿಯುವ ಮೋಟಾರು ತನ್ನ ಗಾತ್ರಕ್ಕೆ ಮೀರಿದ ಬಲವನ್ನು ತೋರಬಹುದು, ಬೆಳಗಿನಿಂದ ಬೈಗಿನವರೆಗೆ ದುಡಿಯೆಂದರೆ ಸುಟ್ಟುಹೋದೀತು. ನನ್ನ ಗಾಡಿಯ ಮೋಟಾರೂ ಆ ಜಾತಿಯದೇ. ಮೂವತ್ತೈದು ವ್ಯಾಟಿನ ಹೆಡ್‌ಲೈಟು ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಸುಮಾರು ಮೂರು ಆಂಪಿಯರ್ ಎಳೆದುಕೊಂಡರೆ, ಸೆಲ್ಫಿನ ಮೋಟಾರು ಆ ಒಂದೆರಡು ಕ್ಷಣಗಳಲ್ಲಿ ಹತ್ತಾರು ಆಂಪಿಯರ್ ನುಂಗುತ್ತದೆ. ಆದುದರಿಂದಲೇ ಗುಂಡಿಯನ್ನು ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬಾರದು. ಹತ್ತದಿದ್ದರೆ ತುಸು ಹೊತ್ತು ಬಿಟ್ಟು ಮತ್ತೆ ಒತ್ತಬೇಕು. ನಾನು ಈ ನಿಯಮವನ್ನು ಎಷ್ಟು ಸಲ ಮುರಿದಿದ್ದೆನೋ, ಮೋಟಾರಿಗೆ ಗೊತ್ತು.

ಬಿಚ್ಚುವ ಕೆಲಸ ಆರಂಭವಾಯಿತು. ಚಾವಿ ತೆಗೆದು ನನ್ನ ಕೈಗೆ ಕೊಟ್ಟನು. ಸೀಟು ಎತ್ತಿ ಬ್ಯಾಟರಿಯ ಮೈನಸ್ ವೈರನ್ನು ಮೊದಲು ಬಿಚ್ಚಿದನು. ಇದರಲ್ಲಿ ಒಂದು ಮರ್ಮವಿದೆ: ಗಾಡಿಯ ಮೈಯೆಲ್ಲ ಮೈನಸ್ಸಿಗೆ ಕೂಡಿಕೊಂಡಿರುತ್ತದೆ, ಮೈನಸ್ ಇರುವಾಗ ಪ್ಲಸ್ಸಿಗೆ ಪಾನಾ ಹಚ್ಚಿ, ಅದರ ಬಾಲ ಗಾಡಿಯ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಮೈನಸ್ ಬಿಚ್ಚಿದ ಮೇಲೆ ಆ ಭಯವಿಲ್ಲ. ಅನಂತರ ಮೋಟಾರಿನ ತಲೆಯ ಮೇಲಿನ ರಬ್ಬರ್ ಟೊಪ್ಪಿಗೆ ಸರಿಸಿ, ಹತ್ತರ ಪಾನಾದಿಂದ ನಟ್ಟು ಸಡಿಲಿಸಿ ದಪ್ಪ ವೈರನ್ನು ಬಿಡಿಸಿದನು. ಎಂಜಿನ್ನಿಗೆ ಮೋಟಾರನ್ನು ಹಿಡಿದಿಟ್ಟಿದ್ದ ಎರಡು ಬೋಲ್ಟುಗಳಲ್ಲಿ ಒಂದರ ಕೆಳಗೆ ಅರ್ಥಿಂಗಿನ ವೈರೊಂದು ಸಿಕ್ಕಿತ್ತು. ಅದನ್ನು ಹುಡುಗನಿಗೆ ತೋರಿಸಿ, "ನೆಪ್ಪಿಟ್ಟುಕೋ" ಎಂದನು. ಬೋಲ್ಟು ಬಂದರೂ ಮೋಟಾರು ಜಗ್ಗಲಿಲ್ಲ. ಅದರ ಮೂತಿಯ ಸುತ್ತಣ ರಬ್ಬರ್ ರಿಂಗು ವರುಷಗಳಿಂದ ಅಂಟಿಕೊಂಡಿದ್ದಿತು. ಅವನು ಬಡಿಯಲಿಲ್ಲ, ಮೀಟಲಿಲ್ಲ. ಎರಡೂ ಕೈಯಿಂದ ಹಿಡಿದು ಸ್ವಲ್ಪ ಆಚೆಗೆ, ಸ್ವಲ್ಪ ಈಚೆಗೆ ತಿರುವುತ್ತ ನೆಟ್ಟಗೆ ಎಳೆದುಕೊಂಡನು. ತೆರವಾದ ತೂತಿಗೆ ಧೂಳು ಹೋಗದಂತೆ ಶುಭ್ರವಾದ ಬಟ್ಟೆ ತುರುಕಿದನು.

ಪಾನಾ, ಪೇಚ್‌ಕಸ್, ಪಕ್ಕಡ್ ಎಂದು ಅವನು ಕೈ ನೀಡಿದಂತೆಲ್ಲ ಹುಡುಗನು ಸಾಮಾನು ಕೊಡುತ್ತಿದ್ದನು. ಉರ್ದು, ಹಿಂದಿ, ಮರಾಠಿಗಳ ದಾರಿಯಿಂದ ಬಂದ ಮಾತುಗಳು ಇವು. ನಿಜಾಮನ ಆಳ್ವಿಕೆ 1948ರಲ್ಲಿ ಕೊನೆಗೊಂಡಿತು; 1956ರಲ್ಲಿ ನಮ್ಮ ಜಿಲ್ಲೆ ಕನ್ನಡದ ರಾಜ್ಯಕ್ಕೆ ಸೇರಿತು; ಕಚೇರಿಯ ಉರ್ದು ಕಾಗದಗಳೊಡನೆ ಕಟ್ಟಿಗೆ ಹೋಯಿತು. ಕೈಯಲ್ಲಿ ಹಿಡಿಯುವ ಮಾತುಗಳು ಮಾತ್ರ ಕೈಯಲ್ಲೇ ಉಳಿದವು.

ಹುಡುಗನು ನೆಲದ ಮೇಲೆ ಒಂದು ಪತ್ರಿಕೆಯನ್ನು ಹಾಸಿದನು. ನೋಡಿದರೆ, ಭಾನುವಾರದ ಸಾಹಿತ್ಯ ಪುರವಣಿ! ಅದರ ಮೇಲೆ ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಇಡುತ್ತ ಹೋದರು. ನಮ್ಮ ಬರೆಹಗಳು ಹಳ್ಳಿಯ ಬದುಕಿಗೆ ಆಧಾರವಾಗಬೇಕೆಂದು ನಾವು ಸಭೆಗಳಲ್ಲಿ ಆಡುವ ಮಾತು ಅಂದು ಅಕ್ಷರಶಃ ನಡೆದುದನ್ನು ಕಂಡೆನು.

ಮೋಟಾರನ್ನು ತೆರೆಯುವ ಮುನ್ನ ಅದರ ಚಿಪ್ಪಿನ ಮೇಲೂ ಮುಚ್ಚಳಗಳ ಮೇಲೂ ಹಾದುಹೋಗುವಂತೆ ಸುಣ್ಣದ ಕಡ್ಡಿಯಿಂದ ಒಂದೊಂದು ಗೆರೆ ಎಳೆದನು. ತಿರುಗಿ ಕೂಡಿಸುವಾಗ ಗೆರೆಗೆ ಗೆರೆ ಕೂಡಬೇಕು. ಎರಡು ಉದ್ದನೆಯ ಬೋಲ್ಟು ತೆಗೆದು ಮುಚ್ಚಳ ಬಿಡಿಸಿದೊಡನೆ ಕಾಡಿಗೆಯಂತಹ ಪುಡಿ ಸುರಿಯಿತು. ನಡುವೆ ತಿರುಗುವ ದಂಡ, ಅದಕ್ಕೆ ಆರ್ಮೇಚರ್ ಎಂದು ಹೆಸರು. ಅದರ ಒಂದು ತುದಿಯಲ್ಲಿ ಒತ್ತಾಗಿ ಜೋಡಿಸಿದ ತಾಮ್ರದ ಪಟ್ಟಿಗಳು. ಆ ಪಟ್ಟಿಗಳಿಗೆ ಸ್ಪ್ರಿಂಗಿನ ಒತ್ತಡದಿಂದ ತಾಗಿ ನಿಂತು, ತಿರುಗುವ ದಂಡಕ್ಕೆ ಕರೆಂಟು ಮುಟ್ಟಿಸುವ ಇಂಗಾಲದ ತುಂಡುಗಳೇ 'ಕಾರ್ಬನ್' ಗಳು. ಇಂಗ್ಲಿಷಿನವರು ಅವಕ್ಕೆ ಬ್ರಷ್ ಎನ್ನುತ್ತಾರೆ. ಅವು ಸವೆದು ಗಿಡ್ಡವಾಗಿ ಸ್ಪ್ರಿಂಗು ಇನ್ನು ಮುಂದಕ್ಕೆ ನೂಕಲಾರದೆ ಸೋತಿತ್ತು. ತಾಮ್ರಕ್ಕೂ ಇಂಗಾಲಕ್ಕೂ ನಡುವೆ ಉಗುರಿನಷ್ಟು ತೆರಪು. ಅಷ್ಟು ತೆರಪಿಗೆ ಇಷ್ಟು ದೊಡ್ಡ ಗಾಡಿ ಮೂಕವಾಗಿ ನಿಂತಿತ್ತು.

ದಂಡದ ಎರಡು ತುದಿಗಳಲ್ಲಿ ಕಾಗದದಷ್ಟು ತೆಳುವಾದ ವಾಶರುಗಳಿದ್ದವು. ಅವನ್ನು ತೆಗೆಯುವಾಗ ಮಿಸ್ತ್ರಿ ಮಾತು ನಿಲ್ಲಿಸಿದನು. ಒಂದೊಂದನ್ನೂ ಎಣಿಸಿ, ಯಾವ ತುದಿಯದು ಯಾವ ಕಡೆಗೆ ಎಂದು ಪುರವಣಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದನು. ಇಷ್ಟೇಕೆ ಎಚ್ಚರವೆಂದು ಕೇಳಿದೆನು.

"ಹೋದ ವರ್ಷ ಒಂದು ವಾಶರ್ ಕಳೀತ್ರಿ ಸರ. ಒಂದೇ ಅಲ್ಲೇನು ಅಂತ ಹಂಗೇ ಕೂಡಿಸಿದೆ. ದಂಡ ಹಿಂದ ಮುಂದ ಆಡಿ, ಒಳಗ ತಿಕ್ಕಿ, ಎಂಟು ದಿನಕ್ಕ ಮೋಟಾರ್ ಸುಟ್ಟಿತು. ಹೊಸಾದು ನಾನೇ ತಂದು ಹಾಕಿಕೊಟ್ಟೆ. ಆ ತಿಂಗಳು ಮನೀಗಿ ರೊಕ್ಕ ಒಯ್ಯಲಿಲ್ಲರಿ."

ಹೀಗೆ ಹೇಳಿ ಅವನು ಶೆಡ್ಡಿನ ಮೂಲೆಯಿಂದ ಒಂದು ಕಟ್ಟು ತಂದನು. ಪುಣೆಯಲ್ಲಿ ಕೆಲಸಕ್ಕಿದ್ದ ಗಿರಾಕಿಯೊಬ್ಬರು ಕೊಟ್ಟ ರಿಪೇರಿ ಪುಸ್ತಕದ ಜೆರಾಕ್ಸ್ ಪ್ರತಿ, ಎಲ್ಲವೂ ಇಂಗ್ಲಿಷು. ಚಿತ್ರಗಳನ್ನು ನೋಡಿ ನೋಡಿ ಅಂಚುಗಳು ಕಪ್ಪಾಗಿದ್ದವು. "ಇದ್ರಾಗ ವಾಶರಿಂದು ಬರದಾರಂತ್ರಿ. ಕಾರ್ಬನ್ ಎಷ್ಟು ಉದ್ದ ಇರಬೇಕು ಅಂತನೂ ಅದ ಅಂತ್ರಿ. ನೀವು ಕನ್ನಡದಾಗ ಬರದು ಕೊಟ್ರ ನನಗೂ ಆಯಿತು, ಈ ಹುಡುಗನಿಗೂ ಆಯಿತು. ನೀವು ಕನ್ನಡ ಸರ ಅಲ್ಲೇನ್ರಿ?"

ಹೊಸ ಕಾರ್ಬನ್ನು ಕಲಬುರಗಿಯಿಂದ ಬರಬೇಕಾಗಿತ್ತು. ಗಾಡಿಯನ್ನು ಅಲ್ಲಿಯೇ ಬಿಟ್ಟು, ಕಟ್ಟನ್ನು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆನು. ಆ ರಾತ್ರಿ ನಿಘಂಟುಗಳನ್ನು ಹರವಿಕೊಂಡು ಕುಳಿತೆನು. ಗೆಲವಿನಿಂದಲೇ ಬರೆದೆನೆಂದು ಒಪ್ಪಿಕೊಳ್ಳಬೇಕು. ಮೂರು ಪುಟಗಳಾದವು. ಮೂರನೆಯ ದಿನ ಹವಳಗಾಕ್ಕೆ ಹೋಗಿ, ಬೇವಿನ ನೆರಳಿನಲ್ಲಿ ನಿಂತು ಗಟ್ಟಿಯಾಗಿ ಓದಿದೆನು: "ಪ್ರಥಮತಃ ವಿದ್ಯುತ್ಕೋಶದ ಋಣಾಗ್ರಕ್ಕೆ ಸಂಲಗ್ನವಾದ ವಾಹಕವನ್ನು ವಿಯೋಜಿಸತಕ್ಕದ್ದು. ತದನಂತರ ಪ್ರಾರಂಭಕ ಯಂತ್ರದ ಬಂಧಕ ಕೀಲಕದ್ವಯವನ್ನು ಶಿಥಿಲಗೊಳಿಸತಕ್ಕದ್ದು. ಇಂಗಾಲದ ಕುಂಚಗಳ ದೈರ್ಘ್ಯವನ್ನು ಪರಿಶೀಲಿಸತಕ್ಕದ್ದು."

ಮಿಸ್ತ್ರಿ ಕೈಕಟ್ಟಿ ಕೇಳಿದನು, ತರಗತಿಯಲ್ಲಿ ಕೇಳುತ್ತಿದ್ದಂತೆಯೇ. ಹುಡುಗನು ಮೆಲ್ಲಗೆ, "ಕುಂಚ ಅಂದ್ರ ಪೇಂಟ್ ಹಚ್ಚೋದೇನ್ರಿ?" ಎಂದನು. ಮಿಸ್ತ್ರಿ ಅವನನ್ನು ಗದರಿಸಿ, ನನ್ನ ಕಡೆ ತಿರುಗಿ ಗೌರವದಿಂದಲೇ ಕೇಳಿದನು:

"ಭಾಳ ಛಲೋ ಅದರಿ ಸರ. ಇದು ಪರೀಕ್ಷಾಕ್ಕ ಬರೋದೇನ್ರಿ?"

ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕೊನೆಯ ಬೆಂಚಿನಲ್ಲಿ ಅವನು ನೆಲ ನೋಡುತ್ತ ಕುಳಿತದ್ದು ಕನ್ನಡ ಬಾರದುದರಿಂದಲ್ಲ. ನಾನು ಆಡುತ್ತಿದ್ದ ಕನ್ನಡವು ಅವನ ಕೈಗೆ ಯಾವ ಕೆಲಸವನ್ನೂ ಕೊಡುತ್ತಿರಲಿಲ್ಲವೆಂಬುದು ಆಗ ಅರಿವಾಯಿತು.

ಕನ್ನಡಕ್ಕೆ ಇದು ಹೊಸ ಕೆಲಸವೇನಲ್ಲ. ಸುಮಾರು 1025ರಲ್ಲಿ ಚಾಲುಕ್ಯರ ಕಾಲದ ಚಾವುಂಡರಾಯನು 'ಲೋಕೋಪಕಾರ' ವನ್ನು ಬರೆದನು. ಅಂತರ್ಜಲದ ಶೋಧ, ಗಿಡಗಳ ಆರೈಕೆ, ಅಡುಗೆ, ದನಗಳ ಔಷಧಿ ಇವೆಲ್ಲ ಅದರ ವಸ್ತು. ಚಾಲುಕ್ಯ ಮನೆತನದ ಕೀರ್ತಿವರ್ಮನು 'ಗೋವೈದ್ಯ' ವನ್ನು ರಚಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ' ವನ್ನು ಕನ್ನಡದಲ್ಲಿ ಕಟ್ಟಿದನು. ಈಚಿನ ಕಾಲದಲ್ಲಿ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು ಒಬ್ಬರೇ ಕುಳಿತು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ವನ್ನು ಬರೆದರು. ನಮ್ಮ ಜಿಲ್ಲೆಯದೇ ಆದ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ವು ಓದುಬರೆಹವಿಲ್ಲದ ಕನ್ನಡಿಗರ ಮಾತಿನ ಜಾಣ್ಮೆಯನ್ನು ಒಂಬತ್ತನೆಯ ಶತಮಾನದಲ್ಲಿಯೇ ಮೆಚ್ಚಿ ನುಡಿದಿದೆ. ಈ ಸಂಗತಿಗಳನ್ನೆಲ್ಲ ನಾನು ಪ್ರತಿ ವರುಷವೂ ಇಸವಿಸಹಿತ ಪಾಠ ಹೇಳುತ್ತೇನೆ. ಹೀಗಿದ್ದೂ ಒಂದು ಬೋಲ್ಟನ್ನು ಬಿಚ್ಚೆಂದು ಹೇಳಬೇಕಾದಾಗ ನನ್ನ ಬಾಯಿಗೆ ಬಂದದ್ದು 'ಕೀಲಕದ್ವಯ'.

ಮೂರು ಪುಟಗಳನ್ನೂ ಮಡಿಸಿ ಕಿಸೆಗೆ ಹಾಕಿಕೊಂಡೆನು. "ನೀನೇ ಹೇಳು, ನಾನು ಬರೀತೀನಿ" ಎಂದು ಅವನ ಸ್ಟೂಲಿನ ಮೇಲೆ ಕುಳಿತೆನು. ಅವನು ಒಂದೊಂದು ಭಾಗವನ್ನು ಎತ್ತಿ ಹಿಡಿದು ಅದರ ಹೆಸರನ್ನೂ ಅದಕ್ಕೆ ಮಾಡತಕ್ಕುದನ್ನೂ ಹೇಳಿದನು. ನಾನು ಇಂಗ್ಲಿಷ್ ಪುಸ್ತಕವನ್ನು ನೋಡಿ ಅವನಿಗೆ ತಿಳಿಯದೆ ಉಳಿದಿದ್ದುದನ್ನು ಸೇರಿಸಿದೆನು. ನನ್ನ ಗಾಡಿಯ ಕಾರ್ಬನ್ನು ಹೊಸದಿರುವಾಗ ಹತ್ತು ಮಿಲಿಮೀಟರು. ಆರೂವರೆಗಿಂತ ಗಿಡ್ಡವಾದರೆ ಬದಲಿಸಬೇಕು. ಬೇರೆ ಗಾಡಿಗೆ ಬೇರೆ ಲೆಕ್ಕ. ತಾಮ್ರದ ಪಟ್ಟಿಯಿಂದ ಪಟ್ಟಿಗೆ ಕರೆಂಟು ಹಾಯಬೇಕು. ಪಟ್ಟಿಯಿಂದ ದಂಡಕ್ಕೆ ಹಾಯಬಾರದು. ಹಾಯ್ದರೆ ಆರ್ಮೇಚರೇ ಕೆಟ್ಟಿದೆಯೆಂದು ತಿಳಿಯಬೇಕು, ಬರಿಯ ಕಾರ್ಬನ್ನು ಹಾಕಿ ಪ್ರಯೋಜನವಿಲ್ಲ. ಈ ಕೊನೆಯ ಮಾತು ಅವನಿಗೆ ಹೊಸದಾಗಿತ್ತು. ಎರಡು ಗಾಡಿಗಳಿಗೆ ವ್ಯರ್ಥವಾಗಿ ಕಾರ್ಬನ್ನು ಹಾಕಿ ಗಿರಾಕಿಗಳಿಂದ ಬಯ್ಗುಳ ತಿಂದದ್ದು ಏಕೆಂದು ಈಗ ತಿಳಿಯಿತೆಂದನು. ಒಡನೆಯೇ ಮೀಟರು ತಂದು ನನ್ನ ಆರ್ಮೇಚರನ್ನು ಪರೀಕ್ಷಿಸಿದನು. ಅದು ನಿರ್ದೋಷಿಯಾಗಿತ್ತು.

ಇನ್ನು ಕೂಡಿಸುವ ಕೆಲಸ. ನಾನು ಓದುವುದು, ಹುಡುಗನು ಮಾಡುವುದು, ಮಿಸ್ತ್ರಿ ನೋಡುವುದು ಎಂದು ಗೊತ್ತಾಯಿತು. "ತಾಮ್ರದ ಪಟ್ಟಿ ಒರೆಸು. ಪಟ್ಟಿಗಳ ಸಂದಿನ ಪುಡಿ ತೆಗಿ." ಹುಡುಗನು ಒರೆಸಿದನು. "ಹೊಸ ಕಾರ್ಬನ್ ಕೂಡಿಸು. ಸ್ಪ್ರಿಂಗ್ ಹಿಂದಕ್ಕೆ ಹಿಡಿದು ದಂಡ ಒಳಗೆ ಬಿಡು." ಕಾರ್ಬನ್ನುಗಳು ಎರಡು ಸಲ ಜಾರಿದವು, ಮೂರನೆಯ ಸಲ ಕೂತವು. "ಚಿಪ್ಪು ಮೇಲೆ ಹಾಕುವಾಗ ಆರ್ಮೇಚರ್ ಬಿಗಿ ಹಿಡಿ, ಅಯಸ್ಕಾಂತ ಜಗ್ಗುತ್ತದೆ, ಬೆರಳು ಜ್ವಾಕಿ." ಹುಡುಗನು ಹಿಡಿದನು, ಅಯಸ್ಕಾಂತವು ಜಗ್ಗಿತು, ಬೆರಳು ಉಳಿಯಿತು. "ವಾಶರ್ ಎಣಿಸು. ಎಷ್ಟು ಬಂದಿದ್ದವೋ ಅಷ್ಟೇ, ಯಾವ ತುದಿಗಿದ್ದವೋ ಆ ತುದಿಗೇ." ಎಣಿಸಿದರು, ಸರಿಯಾಗಿದ್ದವು. ಗೆರೆಗೆ ಗೆರೆ ಕೂಡಿಸಿ ಉದ್ದನೆಯ ಬೋಲ್ಟು ಬಿಗಿದರು. "ಮೋಟಾರು ತೂತಿಗೆ ನೆಟ್ಟಗೆ ಕೂಡಿಸು" ಎಂದು ಓದಿದೆನು.

"ತಡೀರಿ ಸರ" ಎಂದನು ಮಿಸ್ತ್ರಿ. "ರಬ್ಬರ್ ರಿಂಗ್ ಬಿಟ್ಟೀರಿ."

ಹಾಳೆಯನ್ನು ನೋಡಿದೆನು. ನಿಜ, ನಾನು ಬರೆದಿರಲಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿಯೂ ಅದು ವಾಕ್ಯದಲ್ಲಿರಲಿಲ್ಲ. ಚಿತ್ರದಲ್ಲಿ ಒಂದು ಸಣ್ಣ ಬಾಣದ ಗುರುತಾಗಿ ಮಾತ್ರ ಇತ್ತು. ನಾನು ವಾಕ್ಯಗಳನ್ನು ಓದಿದ್ದೆನು. ಅವನು ಚಿತ್ರವನ್ನು ಓದಿದ್ದನು. ಆ ರಿಂಗು ಇಲ್ಲದೆ ಕೂಡಿಸಿದ್ದರೆ ಎಂಜಿನ್ನಿನ ಎಣ್ಣೆ ಹನಿಹನಿಯಾಗಿ ದಾರಿಯುದ್ದಕ್ಕೂ ಸೋರುತ್ತಿತ್ತು. ಹಾಳೆಯ ಮಗ್ಗುಲಲ್ಲಿ ಬಾಣ ಹಾಕಿ ಸೇರಿಸಿದೆನು: "ರಬ್ಬರ್ ರಿಂಗ್ ಹಳತಾಗಿದ್ದರೆ ಹೊಸದು ಹಾಕು, ತುಸು ಎಣ್ಣೆ ಸವರು." ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ನಾನು ಹಾಕುವ ಬಾಣವು ಅಂದು ನನ್ನ ಬರೆಹಕ್ಕೇ ಬಿದ್ದಿತು.

ಉಳಿದದ್ದು ಕ್ರಮವಾಗಿ ನಡೆಯಿತು. ಎರಡು ಬೋಲ್ಟುಗಳು, ಒಂದರ ಕೆಳಗೆ ಅರ್ಥಿಂಗಿನ ವೈರು. ಅದು ಕೂಡುವ ಜಾಗದ ತುಕ್ಕನ್ನು ಮೊದಲೇ ಕೆರೆದಿದ್ದರು. ತಲೆಯ ಮೇಲಿನ ನಟ್ಟನ್ನು ಬಿಗಿಯುವಾಗ ಮಿಸ್ತ್ರಿ ಹುಡುಗನ ಮಣಿಕಟ್ಟನ್ನು ಹಿಡಿದನು: "ಸಾಕು. ಹೆಚ್ಚು ಬಿಗದ್ರ ಒಳಗಿನ ಪ್ಲಾಸ್ಟಿಕ್ ಒಡೀತದ." 'ಸಾಕು' ಎಂಬುದರ ಅಳತೆ ಯಾವ ಪುಸ್ತಕದಲ್ಲಿಯೂ ಇರಲಿಲ್ಲ, ಅದು ಆ ಮಣಿಕಟ್ಟಿನಿಂದ ಈ ಮಣಿಕಟ್ಟಿಗೆ ದಾಟಿತು. ರಬ್ಬರ್ ಟೊಪ್ಪಿಗೆಯನ್ನು ಮುಚ್ಚಿ, ಕೊನೆಯಲ್ಲಿ ಬ್ಯಾಟರಿಯ ಮೈನಸ್ ವೈರನ್ನು ಕೂಡಿಸಿದರು. ಮೊದಲು ಬಿಚ್ಚಿದ್ದು ಕೊನೆಗೆ ಕೂಡಬೇಕು. ಇದನ್ನು ಹುಡುಗನು ನಾನು ಓದುವ ಮೊದಲೇ ಹೇಳಿದನು.

ಚಾವಿ ನನ್ನ ಕಿಸೆಯಲ್ಲಿತ್ತು. ಹಾಕಿ, ಗುಂಡಿ ಒತ್ತಿದೆನು. ದೀಪ ಒಂದು ಕ್ಷಣ ಮಂಕಾಯಿತು, ಎಂಜಿನ್ನು ಹತ್ತಿಕೊಂಡಿತು. ದೀಪ ಮಂಕಾದುದಕ್ಕೆ ಸಂತೋಷಪಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಕೂಲಿಯನ್ನು ಕೊಡಹೋದರೆ ಅವನು ಕಾರ್ಬನ್ನಿನ ಬೆಲೆಯನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಹಿಂದಕ್ಕೆ ಚಾಚಿದನು. "ನೀವೂ ಕೆಲಸ ಮಾಡೀರಲ್ರಿ ಸರ" ಎಂದನು. ಬಲವಂತದಿಂದ ಕೊಟ್ಟೆನು, ಕೊಡದಿದ್ದರೆ ಆ ದಿನ ಅವನ ಮನೆಗೆ ಹೋಗುವ ರೊಕ್ಕ ನನ್ನ ಕಿಸೆಯಲ್ಲಿ ಉಳಿದಂತಾಗುತ್ತಿತ್ತು. ಮತ್ತೆ ಪರೀಕ್ಷೆಗೆ ಕೂಡಬಹುದೆಂದೂ ಬೇಕಾದ ನೆರವು ಕೊಡುವೆನೆಂದೂ ಹೇಳಿದೆನು. "ನೋಡ್ತೀನ್ರಿ" ಎಂದನು. ಕೂಡುವನೋ ಇಲ್ಲವೋ ಅದು ಅವನಿಗೆ ಸೇರಿದ್ದು. ನಾನು ಎಳೆದ ಕೆಂಪು ಗೆರೆಯನ್ನು ಅಳಿಸುವುದು ಮಾತ್ರ ನನಗೆ ಸೇರಿದ್ದು; ಅದು ಒಂದು ಸಲಹೆಯಿಂದ ಅಳಿಯುವಂತಹುದಲ್ಲವೆಂದು ಬಲ್ಲೆ.

ಎರಡು ತಿಂಗಳ ಮೇಲೆ ಮತ್ತೆ ಆ ದಾರಿಯಲ್ಲಿ ಹೋಗಿದ್ದೆನು. ಹಾಳೆಯನ್ನು ರಟ್ಟಿಗೆ ಅಂಟಿಸಿ ಶೆಡ್ಡಿನ ಕಂಬಕ್ಕೆ ತೂಗುಹಾಕಿದ್ದರು. ಎಣ್ಣೆಯ ಬೆರಳಿನ ಗುರುತುಗಳ ನಡುವೆ ಪೆನ್ಸಿಲಿನ ತಿದ್ದುಪಡಿಗಳು ಕಂಡವು. ನಾನು ಬರೆದಿದ್ದ 'ಅಯಸ್ಕಾಂತ' ವನ್ನು ಹೊಡೆದುಹಾಕಿ ಮೇಲೆ 'ಮ್ಯಾಗ್ನೆಟ್' ಎಂದು ಬರೆದಿತ್ತು. 'ಸುಣ್ಣದ ಕಡ್ಡಿ' ಯನ್ನು ಹಾಗೆಯೇ ಉಳಿಸಿದ್ದರು. ಕೆಳಗೆ, ನನ್ನದಲ್ಲದ ದುಂಡನೆಯ ಅಕ್ಷರದಲ್ಲಿ, ಕಾರ್ಬನ್ನಿನ ಉದ್ದದ ಲೆಕ್ಕ ಇನ್ನೂ ಮೂರು ಗಾಡಿಗಳಿಗೆ ಸೇರಿಕೊಂಡಿತ್ತು. ಯಾರು ಬರೆದದ್ದೆಂದು ಕೇಳಿದೆನು. ಕೈಯಾಳು ಹುಡುಗನು ಪಾನಾ ಹಿಡಿದುಕೊಂಡೇ ಎದ್ದುನಿಂತು, ತಪ್ಪೇನಾದರೂ ಇದೆಯೇ ಎಂಬಂತೆ ನನ್ನ ಮುಖವನ್ನು ನೋಡಿದನು. ಒಂದು ಕಡೆ ದೀರ್ಘ ತಪ್ಪಿತ್ತು. ನಾನು ತಿದ್ದಲಿಲ್ಲ, ಲೆಕ್ಕ ಸರಿಯಾಗಿತ್ತು.